ನಳಿಗೆ ಕೇಳಿದ ಗುಂಡು

ಚುನಾವಣೆ ಬಂತೆಂದರೆ ನಮ್ಮ ಮನೆಯ ಬಂದೂಕಿಗೆ ಠಾಣೆವಾಸ. ಮುತ್ಯಾನ ಕಾಲದ ಒಂಟಿ ನಳಿಗೆಯ ಕ್ಯಾಪ್ ಬಂದೂಕು ಅದು. ಬೆಳೆ ಕಾಯಲೆಂದು ಕೊಟ್ಟ ಲೈಸೆನ್ಸು ಮುತ್ಯಾನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದಿದೆ. ಒಪ್ಪಿಸುವ ಹಿಂದಿನ ದಿನ ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚುವುದು ನನಗೆ ಹಬ್ಬದ ಹಾಗೆ. ಈ ಸಲ ಆ ಕೆಲಸ ಮುಗಿಸಿ, ಸಂಜೆ ವನದುರ್ಗದ ಕೋಟೆಯ ಕಡೆ ಹೋಗಿ ಕೂತೆ. ಬೈಕಿನಲ್ಲಿ ಹೋದದ್ದು ಬರಿಗೈಯಲ್ಲೇ. ಆದರೂ ಬೆರಳಿಗೆ ಮದ್ದಿನ ವಾಸನೆ ಅಂಟಿತ್ತು.

ಮದ್ದು ಎಂಬ ಮಾತೇ ನೋಡಿ. ಔಷಧಿಗೂ ಅದೇ, ಸಿಡಿಯುವುದಕ್ಕೂ ಅದೇ, ಆಗದವರ ಊಟಕ್ಕೆ ಬೆರೆಸುವುದಕ್ಕೂ ಅದೇ. ಮೂರರಲ್ಲೂ ಕೆಲಸ ಮಾಡುವುದು ಪ್ರಮಾಣ.

ವನದುರ್ಗದ್ದು ಸುರಪುರ ನಾಯಕರ ಕಾಲದ ಕೋಟೆ. ಈ ಗೋಡೆಗಳ ಹಿಂದೆ ನಿಂತವರು ಬೇಡರ ಬಂದೂಕಿನವರು. ಇಲ್ಲಿಂದ ಬಹಳ ದೂರವೇನಿಲ್ಲದ ವಾಗಣಗೇರಾವನ್ನು 1705ರ ಫೆಬ್ರುವರಿಯಿಂದ ಏಪ್ರಿಲ್ ಕೊನೆಯವರೆಗೆ ಔರಂಗಜೇಬ ಖುದ್ದು ನಿಂತು ಮುತ್ತಿದ್ದ. ಆಗ ಅವನಿಗೆ 86 ವರ್ಷ; ಅದೇ ಅವನ ಕೊನೆಯ ಮುತ್ತಿಗೆ. ಜದುನಾಥ ಸರ್ಕಾರ್ ಬರೆದ ಔರಂಗಜೇಬನ ಚರಿತ್ರೆಯಲ್ಲೂ ಬೇಡರ ಗುರಿಯ ಮಾತು ಬರುತ್ತದೆ. ಕಣ್ಣು, ಕೈ, ಎದೆಗಾರಿಕೆ ಎಂದು ಎಲ್ಲರೂ ಹೊಗಳುತ್ತಾರೆ. ನಾನು ಹೊಗಳುವುದು ಅವರ ಗುಂಡಿನ ಅಚ್ಚನ್ನು.

ಯಾಕೆಂದರೆ ಬತ್ತಿ ಬಂದೂಕುಗಳ ಕಾಲದಲ್ಲಿ ಒಂದು ನಳಿಗೆಯ ಬಾಯಿ ಇನ್ನೊಂದರಂತೆ ಇರುತ್ತಿರಲಿಲ್ಲ. ಕಮ್ಮಾರ ಕಾದ ಕಬ್ಬಿಣವನ್ನು ಸುತ್ತಿ ಬೆಸೆದು ನಳಿಗೆ ಮಾಡುತ್ತಿದ್ದ. ಕೊರೆದ ಮೇಲೆ ಎಷ್ಟು ಬಂತೋ ಅಷ್ಟೇ ಬಾಯಿ. ಹಾಗಾಗಿ ಬಂದೂಕಿನ ಜೊತೆ ಅದರದೇ ಅಚ್ಚು ಬೇಕು. ಪಕ್ಕದವನ ಗುಂಡು ನಿನ್ನದಕ್ಕೆ ಆಗದು; ಸಣ್ಣದಾದರೆ ನಳಿಗೆಯೊಳಗೆ ಆ ಗೋಡೆಗೂ ಈ ಗೋಡೆಗೂ ಬಡಿದುಕೊಂಡು ಹೊರಟು, ಕೊನೆಯಲ್ಲಿ ಯಾವ ಗೋಡೆ ತಾಗಿತೋ ಅದರ ವಿರುದ್ಧ ದಿಕ್ಕಿಗೆ ಹಾರುತ್ತದೆ. ದೊಡ್ಡದಾದರೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಇಂದಿಗೂ ‘ಹನ್ನೆರಡರ ಬಂದೂಕು’ ಎನ್ನುತ್ತೇವಲ್ಲ, ಆ ಲೆಕ್ಕವೂ ಇದರದೇ ಪಳೆಯುಳಿಕೆ: ಒಂದು ಪೌಂಡು ಸೀಸದಲ್ಲಿ ಆ ನಳಿಗೆಯ ಬಾಯಿಗೆ ಸರಿಹೋಗುವ ಹನ್ನೆರಡು ಗುಂಡು ಆಗುತ್ತವೆ ಎಂದು.

ಮುತ್ಯಾ ಸೀಸ ಕೊಳ್ಳುವಾಗ ಹೆಬ್ಬೆರಳಿನ ಉಗುರು ಊರಿ ಎಳೆಯುತ್ತಿದ್ದ. ಹೊಳೆಯುವ ಗೆರೆ ಬಿದ್ದರೆ ಸರಿ, ಉಗುರು ಜಾರಿದರೆ ವಾಪಸ್. ಹಳೆಯ ಬ್ಯಾಟರಿಯಿಂದ ತೆಗೆದ ಸೀಸವನ್ನು ಮುಟ್ಟುತ್ತಲೇ ಇರಲಿಲ್ಲ. ಅದರಲ್ಲಿ ಬೇರೆ ಲೋಹ ಸೇರಿ ಗಟ್ಟಿಯಾಗಿರುತ್ತದೆ. ಎರಕ ಹೊಯ್ದ ಗುಂಡುಗಳನ್ನು ಅಂಗೈಯಲ್ಲಿ ಒಂದೊಂದಾಗಿ ತೂಗಿ ನೋಡಿ, ಹಗುರೆನಿಸಿದ್ದನ್ನು ಮತ್ತೆ ಕುದಿಯುವ ಸೀಸಕ್ಕೆ ಹಾಕುತ್ತಿದ್ದ. ಒಳಗೆ ಗಾಳಿಗುಳ್ಳೆ ಇದ್ದರೆ ಗುಂಡು ಓಲಾಡುತ್ತದಂತೆ. ತಕ್ಕಡಿಯಲ್ಲಿ ಹಾಕಿ ಪರೀಕ್ಷೆ ಮಾಡಿದ್ದೇನೆ. ಅವನ ಅಂಗೈ ತಪ್ಪಿದ್ದು ಕಡಿಮೆ.

ಇನ್ನು ಮದ್ದು. ಪೆಟ್ಲುಪ್ಪು, ಗಂಧಕ, ಇದ್ದಿಲು ಮೂರೇ ಸಾಮಾನು. ಮನೆಯಲ್ಲಿ ಅರೆಯುವುದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಮೂರ್ಖತನ; ಲೈಸೆನ್ಸ್ ಇದ್ದ ಅಂಗಡಿಯಿಂದಲೇ ತರಬೇಕು. ಅಂಗಡಿಯಲ್ಲಿ ಕೇಳಬೇಕಾದ್ದು ಕಾಳಿನ ಗಾತ್ರ. ರವೆಯಲ್ಲಿ ಬನ್ಸಿ ರವೆ, ಚಿರೋಟಿ ರವೆ ಇದ್ದ ಹಾಗೆ ಮದ್ದಿನಲ್ಲೂ ಉಂಟು. ಸಣ್ಣ ಕಾಳು ಬೇಗ ಉರಿದು ಒಮ್ಮೆಲೇ ಒದೆಯುತ್ತದೆ; ದಪ್ಪ ಕಾಳು ನಿಧಾನವಾಗಿ ದೂಡುತ್ತದೆ. ದೊಡ್ಡ ಬಾಯಿ, ಭಾರದ ಗುಂಡು ಇದ್ದರೆ ದೂಡುವ ಮದ್ದು ಬೇಕು. ಬತ್ತಿ ಬಂದೂಕಿನ ಬಟ್ಟಲಿಗೆ ಹಾಕುವ ರಂಜಕ ಮಾತ್ರ ಹಿಟ್ಟಿನಂತೆ ನುಣ್ಣಗಿರಬೇಕು. ಹೆಚ್ಚು ಮದ್ದು ಹಾಕಿದರೆ ಹೆಚ್ಚು ದೂರ ಹೋಗುತ್ತದೆ ಎನ್ನುವವರ ಪಕ್ಕ ನಾನು ನಿಲ್ಲುವುದಿಲ್ಲ. ಒಂದು ಹದದಾಚೆಗೆ ಹಾಕಿದ ಮದ್ದು ಗುಂಡನ್ನು ಅಡ್ಡಾದಿಡ್ಡಿ ಮಾಡುತ್ತದೆ, ಹೆಗಲನ್ನು ನೀಲಿ ಮಾಡುತ್ತದೆ, ಉಳಿದದ್ದು ಉರಿಯದೇ ಬಾಯಿಂದ ಹೊರಗೆ ಉದುರುತ್ತದೆ.

ಹತ್ತೊಂಬತ್ತರ ವಯಸ್ಸಿನಲ್ಲಿ ನಾನೇ ಈ ಬಂದೂಕಿಗೆ ಎರಡು ಸಲ ಮದ್ದು ತುಂಬಿದ್ದೆ. ಒಮ್ಮೆ ತುಂಬಿ, ಯಾರೋ ಕರೆದರೆಂದು ಹೋಗಿ, ಬಂದು ಮತ್ತೆ ತುಂಬಿದೆ. ಮುತ್ಯಾ ಕೈಯಿಂದ ಕಸಿದುಕೊಂಡ. “ಮೊದ್ಲ ಗಜ ಇಳಿಸಿ ನೋಡೋ ತಮ್ಮಾ” ಎಂದ. ಗಜ ಎಂದರೆ ನಮ್ಮಲ್ಲಿ ಆನೆಯೂ ಹೌದು, ಮೂರು ಅಡಿಯ ಅಳತೆಯೂ ಹೌದು. ಇಲ್ಲಿ ಗುಂಡು ಜಡಿಯುವ ಕಬ್ಬಿಣದ ಸರಳು. ಅದಕ್ಕೆ ಅರದಿಂದ ಉಜ್ಜಿದ ಎರಡು ಗೆರೆ ಇವೆ. ನಳಿಗೆ ಖಾಲಿ ಇದ್ದರೆ ಮೇಲಿನ ಗೆರೆ ಬಾಯಿಗೆ ಸಮ, ತುಂಬಿದ್ದರೆ ಕೆಳಗಿನದು. ಅವತ್ತು ಕೆಳಗಿನ ಗೆರೆಯೂ ಬಾಯಿಂದ ನಾಲ್ಕು ಬೆರಳು ಹೊರಗೇ ನಿಂತಿತ್ತು. ತಿರುಪಿನ ಸರಳು ಹಾಕಿ ಅರಿವಿ, ಗುಂಡು ಎಲ್ಲ ಹೊರತೆಗೆಯುವಾಗ ಅವನು ಒಂದು ಮಾತೂ ಆಡಲಿಲ್ಲ. ಗುಂಡು ಮದ್ದಿನ ಮೇಲೆ ಒತ್ತಿ ಕೂರಬೇಕೆಂಬುದನ್ನೂ ಆ ಗೆರೆಯೇ ಹೇಳುತ್ತದೆ. ನಡುವೆ ಜಾಗ ಬಿಟ್ಟರೆ ನಳಿಗೆ ಅಲ್ಲೇ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ.

ಇದೆಲ್ಲ ಕೈಯ ವಿವೇಕ. ಇದನ್ನು ಕೈಯಿಂದ ತೆಗೆದು ಕಾಗದದಲ್ಲಿ ಕಟ್ಟಿದ್ದು ಇಂಗ್ಲಿಷರ 1853ರ ಎನ್‌ಫೀಲ್ಡ್ ಬಂದೂಕು. ನಳಿಗೆಯ ಬಾಯಿ 0.577 ಅಂಗುಲ, ಒಳಗೆ ಸುರುಳಿ ಗೆರೆ. ತೋಟೆಯಲ್ಲಿ 530 ಗ್ರೇನಿನ ಉದ್ದ ಗುಂಡು. ನಮ್ಮ ತೂಕದಲ್ಲಿ ಮೂರು ತೊಲೆಗೆ ಚೂರು ಕಡಿಮೆ. ಅದರ ಹಿಂದೆ ಎರಡೂವರೆ ಡ್ರಾಮ್ ಮದ್ದು, ಅಂದರೆ ಸುಮಾರು ನಾಲ್ಕೂವರೆ ಗ್ರಾಂ. ಯಾರು, ಎಲ್ಲಿ, ಯಾವ ಹವೆಯಲ್ಲಿ ಹಾರಿಸಿದರೂ ಅಷ್ಟೇ. ಗುಂಡನ್ನು ಬಾಯಿಗಿಂತ ಸಣ್ಣದಾಗಿ, ಬುಡವನ್ನು ಟೊಳ್ಳಾಗಿ ಮಾಡಿದ್ದರು. ಸುಲಭವಾಗಿ ಇಳಿಯುತ್ತದೆ, ಮದ್ದು ಸಿಡಿದಾಗ ಬುಡ ಅರಳಿ ಗೆರೆಗಳನ್ನು ಕಚ್ಚಿಕೊಳ್ಳುತ್ತದೆ. ಅದಕ್ಕೂ ಮೆತ್ತನೆಯ ಶುದ್ಧ ಸೀಸವೇ ಬೇಕು. ಮುತ್ಯಾನ ಉಗುರು ಅಲ್ಲಿಯೂ ಸಲ್ಲುತ್ತಿತ್ತು.

ತೋಟೆಗೆ ಹಚ್ಚಿದ ಕೊಬ್ಬಿನ ಜಗಳ ಶಾಲೆಯ ಪಾಠದಲ್ಲೇ ಇದೆ. ಆ ಜಿಡ್ಡು ಯಾಕೆ ಬೇಕಿತ್ತು ಎನ್ನುವುದು ಪಾಠದಲ್ಲಿಲ್ಲ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ; ಅದರಲ್ಲಿ ಒಂದಷ್ಟು ಹೊಗೆಯ ಜೊತೆ ಹೋಗಿ, ಮಿಕ್ಕದ್ದು ಮಸಿಯಾಗಿ ನಳಿಗೆಗೆ ಹತ್ತುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಆ ಮಸಿ ತೇವ ಹೀರಿ ಕೆಸರಿನಂತೆ ಮೆತ್ತಗಾಗುತ್ತದೆ. ನಮ್ಮ ಯಾದಗಿರಿಯ ಏಪ್ರಿಲ್ ಬಿಸಿಲಿಗೆ ಅದು ಹೆಂಚಿಗೆ ಹತ್ತಿದ ರೊಟ್ಟಿಹಿಟ್ಟಿನಂತೆ ಗಟ್ಟಿಯಾಗುತ್ತದೆ. ಐದಾರು ಈಡಿನ ನಂತರ ಗುಂಡು ಇಳಿಯದು. ಜಿಡ್ಡು ಮಸಿಯನ್ನು ಮೆತ್ತಗಿಡುತ್ತದೆ. ಆದರೆ ಬರೀ ಕೊಬ್ಬು ಬಿಸಿಲಿಗೆ ಕರಗಿ ಕಾಗದಕ್ಕೆ ಇಳಿಯುತ್ತದೆ, ಜೇನುಮೇಣ ನಿಲ್ಲುತ್ತದೆ. ಜಗಳ ಎದ್ದ ಮೇಲೆ ಸಿಪಾಯಿಗಳು ತಾವೇ ಬೇರೆ ಜಿಡ್ಡು ಹಚ್ಚಿಕೊಳ್ಳಲಿ ಎಂದರು, ತಡವಾಗಿತ್ತು. ದಿಲ್ಲಿಯ ಮುತ್ತಿಗೆಯ ಬಿಸಿಲಲ್ಲಿ ಇಂಗ್ಲಿಷರಿಗೇ ಗುಂಡು ಇಳಿಯದೆ ಫಜೀತಿಯಾಯಿತು. ಕೊನೆಗೆ 0.568 ಅಂಗುಲದ ಗುಂಡನ್ನು 0.550ಕ್ಕೆ ಇಳಿಸಿದರು. ಹವೆ ನೋಡಿ ಗುಂಡು ಆರಿಸುವುದು ಬೇಡರವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸುರಪುರದ ರಾಜಾ ವೆಂಕಟಪ್ಪ ನಾಯಕ ಎದ್ದದ್ದು 1858ರ ಫೆಬ್ರುವರಿಯಲ್ಲಿ. ಅದಕ್ಕೂ ಮುಂಚೆ, 1857ರ ನವೆಂಬರಿನಲ್ಲಿ, ಆಯುಧ ಒಪ್ಪಿಸಿ ಎಂದದ್ದಕ್ಕೇ ಹಲಗಲಿಯ ಬೇಡರು ತಿರುಗಿಬಿದ್ದಿದ್ದರು. ದಂಗೆ ಅಡಗಿದ ಮೇಲೆ ಇಂಗ್ಲಿಷರು ಮಾಡಿದ ಒಂದು ಕೆಲಸ ನನ್ನಂಥ ಬಂದೂಕಿನ ಹುಚ್ಚರಿಗೆ ಈಗಲೂ ಸಂಕಟ ಕೊಡುತ್ತದೆ: ದೇಶಿ ಸಿಪಾಯಿಗಳಿಗೆ ಕೊಡುವ ಎನ್‌ಫೀಲ್ಡಿನಲ್ಲಿ ಸುರುಳಿ ಗೆರೆಯೇ ಇಲ್ಲದಂತೆ ಮಾಡಿದರು. ಹೊರಗಿಂದ ನೋಡಿದರೆ ಅದೇ ಬಂದೂಕು, ಒಳಗೆ ಬರೀ ಕೊಳವೆ. ಗುರಿ ತಪ್ಪಲೆಂದೇ ಮಾಡಿದ್ದು.

ಇಂಥ ಹಳೆಯ ನಳಿಗೆ ಮನೆಯಲ್ಲಿರುವವರಿಗೆ ಒಂದು ಮಾತು. ಈ ಕಾಲದ ತೋಟೆ ಒಡೆದು ಅದರ ಮದ್ದು ಸುರಿಯುವ ಜಾಣರನ್ನು ಕಂಡಿದ್ದೇನೆ. ಹೊಗೆಯಿಲ್ಲದ ಮದ್ದಿನ ಒತ್ತಡವೇ ಬೇರೆ, ಅದಕ್ಕೆಂದು ಮಾಡಿದ ಉಕ್ಕೇ ಬೇರೆ. ಅಂಥ ಒಂದು ಬಂದೂಕಿನ ಬುಡ ಹೂವಿನಂತೆ ಬಿರಿದದ್ದನ್ನು ನೋಡಿದ್ದೇನೆ. ಹಿಡಿದವನ ಎಡಗೈಯಲ್ಲಿ ಈಗ ಮೂರು ಬೆರಳಿವೆ. ಹಾಗೆಯೇ, ಹಾರಿಸಿದ ದಿನವೇ ಕುದಿನೀರಿನಲ್ಲಿ ತೊಳೆಯಿರಿ. ಕೊಳೆತ ಮೊಟ್ಟೆಯ ನಾತ ಬರುತ್ತದೆ, ಹೆಂಡತಿ ಬಚ್ಚಲಿನಿಂದ ಹೊರಗೆ ಹಾಕುತ್ತಾಳೆ. ನಾಳೆ ಎಂದರೆ ಮಸಿ ತೇವ ಹೀರಿ ಕಬ್ಬಿಣ ತಿನ್ನುತ್ತದೆ.

ಮರುದಿನ ಠಾಣೆಗೆ ಹೋದೆ. ರಿಜಿಸ್ಟರ್ ತೆರೆದು ಕೂತ ಹುಡುಗ ಹೊಸದಾಗಿ ಬಂದವನು. ಬಂದೂಕನ್ನು ತಿರುಗಿಸಿ ನೋಡಿ, ಎಲ್ಲಿ ತೆರೆಯುತ್ತದೆಂದು ಹುಡುಕಿ, ಸೋತು, “ಲೋಡ್ ಐತೇನ್ರೀ ಯಜಮಾನ್ರ?” ಅಂದ. ನಾನು ನಳಿಗೆ ಮೇಲೆ ಮಾಡಿ ಗಜವನ್ನು ಒಳಗೆ ಬಿಟ್ಟೆ. ತುಂಬಿದ್ದರೆ ದಪ್ಪೆಂದು ಕೂರುತ್ತದೆ. ಅದು ತಳಕ್ಕೆ ಬಡಿದು ಠಣ್ಣೆಂದು ಪುಟಿಯಿತು. ಹುಡುಗ ಪೆನ್ನು ಕೆಳಗಿಟ್ಟು, “ಇನ್ನೊಮ್ಮೆ ಮಾಡ್ರಿ” ಅಂದ.