ಒಂದು ಕೆಟ್ಟ ಚಿತ್ರದ ಸಾಕ್ಷ್ಯ

ಅಮೆರಿಕದ ಎಡ್ ವುಡ್ 1956ರಲ್ಲಿ ಚಿತ್ರೀಕರಿಸಿದ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಎಂಬ ಚಿತ್ರವನ್ನು ನಾವು ಈಚೆಗೆ ಮೊದಲ ಬಾರಿ ನೋಡಿದೆವು. ಅನ್ಯಲೋಕದವರು ಸತ್ತವರನ್ನೆಬ್ಬಿಸಿ ಮಾನವರನ್ನು ಬೆದರಿಸುವುದು ಇದರ ಕಥೆ. 1980ರಲ್ಲಿ ಮೆಡ್ವೆಡ್ ಸೋದರರ ಗ್ರಂಥವು ಇದನ್ನು ಸಾರ್ವಕಾಲಿಕ ನಿಕೃಷ್ಟ ಚಿತ್ರವೆಂದು ಸಾರಿದ ಬಳಿಕ ಇದರ ಅಭಿಮಾನಿ ಬಳಗ ಬೆಳೆಯಿತೆಂಬುದು ವಿನೋದದ ಸಂಗತಿ. ದೋಷಗಳಿಗೇನೂ ಬರವಿಲ್ಲ. ಸಮಾಧಿಯ ಕಲ್ಲುಗಳು ಅಲುಗಾಡುತ್ತವೆ. ಒಂದೇ ಪ್ರಸಂಗದೊಳಗೆ ಹಗಲು ಇರುಳಾಗುತ್ತದೆ. ನಟ ಬೆಲಾ ಲುಗೋಸಿ ಆ ವರ್ಷದ ಆಗಸ್ಟಿನಲ್ಲಿಯೇ ತೀರಿಕೊಂಡದ್ದರಿಂದ, ಆತನಿಗಿಂತ ಎತ್ತರದ ಬೇರೊಬ್ಬನು ನಿಲುವಂಗಿಯಿಂದ ಮುಖ ಮರೆಸಿಕೊಂಡು ಸುಳಿದಾಡುತ್ತಾನೆ. ನಾವು ಮನಸಾರೆ ನಕ್ಕೆವು.

ಅನ್ಯಲೋಕದ ಈರೋಸನು ಮಾತನಾಡತೊಡಗಿದಾಗ ಮಾತ್ರ ನಮ್ಮ ನಗೆ ನಿಂತಿತು. ಮಾನವನು ಪಟಾಕಿಯಿಂದ ಕೈಬಾಂಬಿಗೆ, ಅಲ್ಲಿಂದ ಅಣುಬಾಂಬಿಗೆ, ಜಲಜನಕ ಬಾಂಬಿಗೆ ಬಂದಿದ್ದಾನೆ. ಮುಂದೆ ಸೂರ್ಯನ ಬೆಳಕನ್ನೇ ಸಿಡಿಸುವನು. ಆದುದರಿಂದ ಅವನನ್ನು ತಡೆಯಬೇಕು ಎಂಬುದು ಆತನ ವಾದ. ಅಮೆರಿಕವು ಜಲಜನಕ ಸಾಧನವನ್ನು ಮೊದಲು ಸ್ಫೋಟಿಸಿದುದು 1952ರಲ್ಲಿ. ಅಂಥ ಬಾಂಬಿದ್ದರೆ ತಮ್ಮ ರಾಷ್ಟ್ರವು ಇನ್ನಷ್ಟು ಬಲಿಷ್ಠವಾದೀತೆಂದು ನಾಯಕನ ಉತ್ತರ. ಈರೋಸನು ಹಳಿಯಲು, ನಾಯಕನಿಂದ ಒಂದು ಗುದ್ದು! ವಾದಕ್ಕೆ ಬೇರೆ ಸಮಾಧಾನವನ್ನು ಚಿತ್ರವು ಕೊಡುವುದೇ ಇಲ್ಲ. ನಯಗಾರಿಕೆಯ ನಿರ್ದೇಶಕನಾಗಿದ್ದರೆ ಈ ಒರಟುತನವನ್ನು ಮರೆಮಾಚುತ್ತಿದ್ದನು. ಶೀತಲ ಸಮರದ ಪಾಠದಲ್ಲಿ ಈ ಪ್ರಸಂಗವನ್ನು ವಿದ್ಯಾರ್ಥಿಗಳಿಗೆ ತೋರಿಸಲು ನಾವು ಹಿಂಜರಿಯೆವು.