ಮೂರು ಕನ್ನಡ ಪದ, ಒಂದು ಉರ್ದು ಪದ

ಯಲಬುರ್ಗಾದ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಇಶಾ ನಮಾಜಿನ ನಂತರ ನಾವು ನಾಲ್ಕೈದು ಮಂದಿ ಕೂಡುವುದು ರೂಢಿ. ಒಂದು ರಾತ್ರಿ ನಮ್ಮ ಓಣಿಯ ಹುಡುಗನೊಬ್ಬ ಕೈಯಲ್ಲಿ ಕಿರುಹೊತ್ತಿಗೆಯೊಂದನ್ನು ಹಿಡಿದುಕೊಂಡು ಬಂದು ಕೂತ. 'ಕ್ರಿಶ್ಚಿಯನ್ನರ ದೀನ್ ಭಾಳ ಸಸ್ತಾ ಅದ ಚಾಚಾ. ಏಸು ನಮ್ಮ ಪಾಪಕ್ಕ ಸತ್ತ ಅಂತ ನಂಬಿದ್ರ ಮುಗೀತು. ನಮಾಜಿಲ್ಲ, ರೋಜಾ ಇಲ್ಲ, ಹಿಸಾಬ್ ಇಲ್ಲ' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಆ ನಗು ಚುಚ್ಚತೊಡಗಿತು. ಇದೇ ಮಾತನ್ನು ಮೂವತ್ತು ವರ್ಷಗಳಿಂದ ಜಲಸಾಗಳಲ್ಲಿ, ವಾದವಿವಾದದ ಪುಸ್ತಕಗಳಲ್ಲಿ ಕೇಳುತ್ತ ಓದುತ್ತ ಬಂದಿದ್ದೇನೆ. ಹೇಳಿದವರಲ್ಲಿ ಎಷ್ಟು ಜನ ಪೌಲನ ಒಂದು ಪತ್ರವನ್ನಾದರೂ ಪೂರ್ತಿ ಓದಿದ್ದರು? ನಾನೇ ಓದಿರಲಿಲ್ಲ.

ನನ್ನ ಕಪಾಟಿನಲ್ಲಿ ಎರಡು ಬೈಬಲುಗಳಿವೆ. ಒಂದು ಬೈಬಲ್ ಸೊಸೈಟಿಯ ಹಳೆಯ ಕನ್ನಡ 'ಸತ್ಯವೇದ', ಇನ್ನೊಂದು ಉರ್ದುವಿನ 'ಕಿತಾಬೆ ಮುಕದ್ದಸ್'. ಅವೆರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ರೋಮಾಪುರದವರಿಗೆ ಪೌಲ ಬರೆದ ಪತ್ರದ ಮೂರು ಮತ್ತು ನಾಲ್ಕನೆಯ ಅಧ್ಯಾಯಗಳನ್ನೂ ಯಾಕೋಬನ ಪತ್ರದ ಎರಡನೆಯ ಅಧ್ಯಾಯವನ್ನೂ ಕೆಲವು ದಿನ ಓದಿದೆ. ಓದುತ್ತ ಹೋದಂತೆ ನನ್ನ ಗಮನವನ್ನು ಹಿಡಿದದ್ದು ದೇವತಾಶಾಸ್ತ್ರಕ್ಕಿಂತ ಹೆಚ್ಚಾಗಿ ಅನುವಾದ.

ಜಗಳ ಇಷ್ಟು. ಮನುಷ್ಯ ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ಧರ್ಮಶಾಸ್ತ್ರದ ಕೃತ್ಯಗಳಿಂದಲ್ಲ, ನಂಬಿಕೆಯಿಂದ ಎನ್ನುತ್ತಾನೆ ಪೌಲ. ಯಾಕೋಬ ಹೇಳುವುದು ಬೇರೆ: ಹಸಿದು ಬಂದವನಿಗೆ ಒಳ್ಳೆಯ ಮಾತಾಡಿ ಬರಿಗೈಯಲ್ಲಿ ಕಳಿಸುವವನ ನಂಬಿಕೆ ನಂಬಿಕೆಯೇ ಅಲ್ಲ, ಅದು ಸತ್ತದ್ದು. ಇಬ್ಬರೂ ಸಾಕ್ಷಿಗೆ ಕರೆಯುವುದು ಒಬ್ಬನನ್ನೇ, ನಮ್ಮ ಹಜರತ್ ಇಬ್ರಾಹಿಮರನ್ನು. ಅವರು ದೇವರನ್ನು ನಂಬಿದರು, ಆ ನಂಬಿಕೆಯೇ ಲೆಕ್ಕಕ್ಕೆ ಬಂತು ಎನ್ನುವುದು ಪೌಲನ ವಾದ. ಮಗನನ್ನು ಬಲಿಪೀಠದ ಮೇಲೆ ಮಲಗಿಸಿದಾಗಲಲ್ಲವೇ ಆ ನಂಬಿಕೆ ಪೂರ್ತಿಯಾದದ್ದು ಎಂದು ಯಾಕೋಬ ಕೇಳುತ್ತಾನೆ. ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ಈ ಪ್ರಶ್ನೆ ಚರ್ಚನ್ನೇ ಸೀಳಿತು. ಮಾರ್ಟಿನ್ ಲೂಥರ್ 1522ರ ತನ್ನ ಜರ್ಮನ್ ಅನುವಾದದಲ್ಲಿ ಪೌಲನ ವಾಕ್ಯಕ್ಕೆ ಮೂಲದಲ್ಲಿಲ್ಲದ 'ಮಾತ್ರ' ಎಂಬ ಪದ ಸೇರಿಸಿದ. ಯಾಕೋಬನ ಪತ್ರವನ್ನು ಹುಲ್ಲಿಗೆ ಹೋಲಿಸಿದ. ನಂಬಿಕೆ ಮಾತ್ರ ಸಾಕು ಎನ್ನುವವರನ್ನು ರೋಮಿನ ಚರ್ಚು 1547ರಲ್ಲಿ ಟ್ರೆಂಟ್ ಸಭೆಯಲ್ಲಿ ಖಂಡಿಸಿತು. ಒಂದು ಪದದ ಸೇರ್ಪಡೆಗೆ ಎಷ್ಟು ತೂಕ ಎನ್ನುವುದು ಇದರಿಂದ ತಿಳಿಯುತ್ತದೆ. ಹಾಗಾದರೆ ನಮ್ಮ ಭಾಷೆಗಳಿಗೆ ತಂದವರು ಏನು ಮಾಡಿದರು?

ಉರ್ದುವಿನಲ್ಲಿ ಎರಡೂ ಕಡೆ ಪದ ಒಂದೇ, ಆಮಾಲ್. ಪೌಲುಸ್ ಶರೀಅತ್ತಿನ ಆಮಾಲ್ ಇಲ್ಲದೆಯೇ ಈಮಾನಿನಿಂದ ಎನ್ನುತ್ತಾನೆ, ಯಾಕೂಬ್ ಆಮಾಲ್ ಇಲ್ಲದ ಈಮಾನ್ ಮುರ್ದಾ ಎನ್ನುತ್ತಾನೆ. ಮೂಲ ಗ್ರೀಕಿನಲ್ಲೂ ಇಬ್ಬರದೂ ಒಂದೇ ಪದ. ಹೀಗಾಗಿ ಉರ್ದು ಓದುಗನಿಗೆ ಇಬ್ಬರೂ ಎದುರುಬದುರು ನಿಂತು ಗುದ್ದಾಡುವುದು ಕಣ್ಣಿಗೆ ಕಟ್ಟುತ್ತದೆ. ಉರ್ದುವಿನ ಹೊಸ ಒಡಂಬಡಿಕೆಗೆ ದೊಡ್ಡ ಬುನಾದಿ ಹಾಕಿದ್ದು ಹೆನ್ರಿ ಮಾರ್ಟಿನ್. ಅವನಿಗೆ ನೆರವಾದವರು ಮಿರ್ಜಾ ಫಿತ್ರತ್ ಎಂಬ ಮುಸ್ಲಿಂ ವಿದ್ವಾಂಸರು. 1814ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ಆ ಅನುವಾದದ ನಂತರ ಎಷ್ಟೋ ಪರಿಷ್ಕರಣೆಗಳು ಬಂದವು. ಆದರೆ ಈಮಾನ್, ಆಮಾಲ್, ಶರೀಅತ್, ನಜಾತ್ ಮುಂತಾದ ನಮ್ಮ ಮದರಸಾದ ಪದಗಳು ಕ್ರೈಸ್ತ ಗ್ರಂಥದೊಳಗೆ ಮನೆಮಾಡಿಕೊಂಡೇ ಇವೆ. ಇದರಿಂದ ಒಂದು ಅಪಘಾತವೂ ಆಗಿದೆ. ಯೆಹೂದ್ಯರ ತೌರಾತಿನ ಕಟ್ಟಳೆಗಳ ಬಗ್ಗೆ ಪೌಲ ಹೇಳಿದ್ದನ್ನು ಉರ್ದುವಿನಲ್ಲಿ ಓದುವ ಮುಸಲ್ಮಾನನಿಗೆ 'ಶರೀಅತ್' ಎಂದೊಡನೆ ನೆನಪಾಗುವುದು ತನ್ನ ನಮಾಜು, ತನ್ನ ರೋಜಾ. ಪೌಲ ತನ್ನನ್ನೇ ಬೈದಂತೆ ಅವನಿಗೆ ಕೇಳಿಸುತ್ತದೆ. ನಮ್ಮ ಹುಡುಗನ ಸಿಟ್ಟಿನ ಒಂದು ಬೇರು ಇಲ್ಲೂ ಇರಬಹುದು.

ಕನ್ನಡದಲ್ಲಿ ಕಥೆಯೇ ಬೇರೆ. ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ ಪೌಲ ತಳ್ಳಿಹಾಕುವುದನ್ನು 'ಸತ್ಯವೇದ' 'ನೇಮನಿಷ್ಠೆ' ಎನ್ನುತ್ತದೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಅದು 'ಪುಣ್ಯಕ್ರಿಯೆ' ಆಗುತ್ತದೆ. ಯಾಕೋಬನ ಬಳಿಗೆ ಬಂದಾಗ ಬರೇ 'ಕ್ರಿಯೆ'. ಒಂದು ಗ್ರೀಕ್ ಪದ ಕನ್ನಡದಲ್ಲಿ ಮೂರಾಗಿ ಒಡೆದಿದೆ. ಪೌಲ ಬೇಡ ಎಂದದ್ದು ನೇಮನಿಷ್ಠೆ, ಯಾಕೋಬ ಬೇಕು ಎಂದದ್ದು ಕ್ರಿಯೆ. ಇನ್ನು ಜಗಳವೆಲ್ಲಿ? ಲೂಥರ್ ಪದ ಸೇರಿಸಿ ಯುದ್ಧ ಹೂಡಿದ. ನಮ್ಮವರು ಪದ ಬದಲಿಸಿ ರಾಜಿ ಮಾಡಿಸಿದರು.

ಕನ್ನಡ ಬೈಬಲಿನ ಆರಂಭದ ಕೆಲಸ ನಡೆದ ಊರುಗಳಲ್ಲಿ ನಮ್ಮ ಪಕ್ಕದ ಬಳ್ಳಾರಿಯೂ ಒಂದು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಅದರಲ್ಲಿ ತೊಡಗಿದ. ಮುಂದೆ ಮಂಗಳೂರು, ಧಾರವಾಡಗಳ ಬಾಸೆಲ್ ಮಿಶನ್ನಿನವರೂ ಆ ಕೆಲಸಕ್ಕೆ ಕೈಹಾಕಿದರು. ಈ ಪದವನ್ನು ಮೊದಲು ಇಟ್ಟವರು ಯಾರೇ ಇರಲಿ, ಅವರಿಗೆ ಕನ್ನಡದ ಕಿವಿ ಇತ್ತು. ನೇಮನಿಷ್ಠೆ ಎಂದ ಕೂಡಲೇ ಈ ಸೀಮೆಯವನ ಕಣ್ಣೆದುರು ಮಡಿ, ಮೈಲಿಗೆ, ಒಪ್ಪತ್ತು, ಹರಕೆ ಎಲ್ಲ ಬಂದು ನಿಲ್ಲುತ್ತವೆ. ಪೌಲ ಯೆಹೂದಿ ಉಡುಪು ಕಳಚಿ ಕಲ್ಯಾಣದ ಕಡೆಯಿಂದ ನಡೆದು ಬಂದ ಶರಣನಂತೆ ಮಾತಾಡತೊಡಗುತ್ತಾನೆ. ಇದು ಸುಮ್ಮನೆ ಅಲಂಕಾರವಲ್ಲ. ಗಲಾತ್ಯದ ಪತ್ರದಲ್ಲಿ ಪ್ರಶ್ನೆ ಇರುವುದೇ ಸುನ್ನತಿ, ಊಟದ ಪಂಕ್ತಿ, ಹಬ್ಬದ ದಿನಗಳ ಬಗ್ಗೆ. ಹುಟ್ಟಿನಿಂದ ಯೆಹೂದಿಯಲ್ಲದವನು ಇವನ್ನೆಲ್ಲ ಪಾಲಿಸಿಯೇ ಒಳಗೆ ಬರಬೇಕೆ ಎನ್ನುವುದು ಅಲ್ಲಿನ ಜಗಳ. 1977ರ ನಂತರ, ಇ. ಪಿ. ಸ್ಯಾಂಡರ್ಸ್ ಅವರ ಪುಸ್ತಕದಿಂದ ಶುರುವಾದ ಚರ್ಚೆಯಲ್ಲಿ, ಪಶ್ಚಿಮದ ಕೆಲವು ವಿದ್ವಾಂಸರು ಪೌಲನನ್ನು ಹೀಗೆಯೇ ಓದಬೇಕೆಂದು ವಾದಿಸಿದ್ದಾರೆ. ಕನ್ನಡದ ಅನುವಾದಕರು ಅದನ್ನು ಒಂದೇ ಪದದಲ್ಲಿ ಮೊದಲೇ ಹೇಳಿಬಿಟ್ಟಿದ್ದರು.

ಆದರೂ ನನಗೆ ಸಮಾಧಾನವಿಲ್ಲ. ನೇಮನಿಷ್ಠೆ ಎಂಬ ಪದ ಪೌಲನನ್ನು ನಮಗೆ ಹತ್ತಿರ ತಂದಷ್ಟೇ ಮೊಂಡು ಮಾಡಿದೆ. ಮಡಿಯವನನ್ನು ಬೈದರೆ ಯಾರಿಗೆ ನೋವು? ಮಡಿಯವನು ಯಾವಾಗಲೂ ಬೇರೆಯವನೇ. ಪೌಲನ ನಿಜವಾದ ಏಟು ಬೀಳುವುದು ಒಳ್ಳೆಯ ಮನುಷ್ಯನ ಮೇಲೆ. ದಾನ ಮಾಡಿದವನು, ಸುಳ್ಳು ಹೇಳದವನು, ಪರರ ಹಂಗಿಲ್ಲದೆ ಬದುಕಿದವನು ದೇವರ ಎದುರು ರಸೀದಿ ಹಿಡಿದು ನಿಲ್ಲುತ್ತಾನಲ್ಲ, ಆ ರಸೀದಿಯನ್ನು ಪೌಲ ಹರಿಯುತ್ತಾನೆ. ರೋಮಾಪುರದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಕೂಲಿಯ ಹೋಲಿಕೆ ಬರುತ್ತದೆ. ದುಡಿದವನಿಗೆ ಕೊಡುವುದು ಕೂಲಿ, ದಾನವಲ್ಲ. ದೇವರು ಕೊಡುವುದು ಕೂಲಿಯಲ್ಲ. 'ಪುಣ್ಯಕ್ರಿಯೆ' ಎಂದಲ್ಲಿ ಈ ಏಟು ಕೇಳಿಸುತ್ತದೆ, 'ನೇಮನಿಷ್ಠೆ' ಎಂದಲ್ಲಿ ಕೇಳಿಸುವುದಿಲ್ಲ. ರಾಜಿ ಮಾಡಿಸುವ ಆತುರದಲ್ಲಿ ಅನುವಾದಕರು ಓದುಗನನ್ನು ತಪ್ಪಿಸಿಕೊಳ್ಳಲು ಬಿಟ್ಟರು ಎನ್ನುವುದು ನನ್ನ ತಕರಾರು. ಉರ್ದು ಅನುವಾದ ಒರಟಾಗಿದೆ, ಅಪಾರ್ಥಕ್ಕೂ ಎಡೆಮಾಡುತ್ತದೆ, ಆದರೆ ಇಬ್ಬರ ಜಗಳವನ್ನು ಮುಚ್ಚುವುದಿಲ್ಲ. ಓದುಗನಾಗಿ ನಾನು ಉರ್ದುವಿನ ಕಡೆಗೇ ವಾಲುತ್ತೇನೆ.

ಮುದಗಲ್ಲಿನ ಕ್ಯಾಥಲಿಕ್ ಮೇಷ್ಟರೊಬ್ಬರು ನನಗೆ ಹಳೆಯ ಪರಿಚಯ. ಮುದಗಲ್ ನಮಗೆ ದೂರವೇನಲ್ಲ, ಕುಷ್ಟಗಿ ತಾಲ್ಲೂಕು ದಾಟಿದರೆ ಬಂತು. ಮೊಹರಮ್ಮಿಗೆ ನಮ್ಮ ಕಡೆಯವರೆಲ್ಲ ಹೋಗುವ ಊರು. ಆ ಊರಲ್ಲಿ ಆದಿಲ್‌ಶಾಹಿ ಕಾಲದಿಂದ ಕನ್ನಡ ಮಾತಾಡುವ ಕ್ರೈಸ್ತರಿದ್ದಾರೆ ಎನ್ನುವುದು, ಕ್ರೈಸ್ತರೆಂದರೆ ಬ್ರಿಟಿಷರ ಜೊತೆ ಬಂದವರು ಎಂದುಕೊಂಡವರಿಗೆ ಗೊತ್ತಿರುವುದಿಲ್ಲ. ಮೇಷ್ಟರಿಗೆ ಹುಡುಗನ ಮಾತು ಹೇಳಿದೆ. ಅವರು ಸಿಟ್ಟಾಗಲಿಲ್ಲ. 'ನಂಬಿಕಿ ಒಂದ ಸಾಕು ಅನ್ನೂದು ನಮ್ಮ ಮಾತ ಅಲ್ರೀ, ಅದು ಪ್ರೊಟೆಸ್ಟಂಟರದು. ನಾವು ಉಪವಾಸ ಮಾಡ್ತೀವಿ, ಪಾಪ ನಿವೇದನೆ ಮಾಡ್ತೀವಿ, ದಾನ ಕೊಡ್ತೀವಿ. ನಿಮ್ಮ ಹುಡುಗ ಯಾರ ಬಾಗಿಲದಾಗ ನಿಂತು ಯಾರನ್ನ ಬೈಲಿಕ್ಕತ್ತಾನ?' ಎಂದರು. ಆ ಜಗಳವೂ ಈಗ ಮೊದಲಿನಷ್ಟಿಲ್ಲ. 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬುರ್ಗ್‌ನಲ್ಲಿ ಲೂಥರನ್ ಒಕ್ಕೂಟವೂ ಕ್ಯಾಥಲಿಕ್ ಚರ್ಚೂ ಜಂಟಿ ಘೋಷಣೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ, ನಮ್ಮ ಅರ್ಹತೆಯಿಂದಲ್ಲ, ಹಾಗೆ ಸ್ವೀಕೃತನಾದವನನ್ನು ಅದೇ ಕೃಪೆ ಸತ್ಕಾರ್ಯಕ್ಕೆ ಹಚ್ಚುತ್ತದೆ ಎನ್ನುವುದು ಅದರ ಸಾರ. ನಮ್ಮ ವಾದವಿವಾದದ ಪುಸ್ತಕಗಳಿಗೆ ಈ ಸುದ್ದಿ ಇನ್ನೂ ತಲುಪಿದಂತಿಲ್ಲ.

ನಂಬಿಕೆ ಒಂದೇ ಎನ್ನುವ ಪ್ರೊಟೆಸ್ಟಂಟರಾದರೂ ಕೈಕಟ್ಟಿ ಕೂತವರೇ? ಗದಗ-ಬೆಟಗೇರಿಯ ಜರ್ಮನ್ ದವಾಖಾನೆಯ ಹೆಸರು ನಮ್ಮ ಕಡೆಯ ಹಳಬರಿಗೆ ಗೊತ್ತು. ಅದು ಬಾಸೆಲ್ ಮಿಶನ್ನಿನವರು ಕಟ್ಟಿದ್ದು. ಮತಾಂತರವಾಗಿ ಜಾತಿಯ ಕಸುಬು ಕಳೆದುಕೊಂಡವರಿಗೆ ನೇಯ್ಗೆ ಕಾರ್ಖಾನೆ ಹಾಕಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕೆಲಸದಿಂದ ಮೋಕ್ಷವಿಲ್ಲ ಎಂದು ಭಾನುವಾರ ಬೋಧಿಸಿ ಸೋಮವಾರದಿಂದ ಶನಿವಾರದವರೆಗೆ ಇಷ್ಟು ಕೆಲಸ ಮಾಡಿದವರನ್ನು ಸೋಮಾರಿ ಧರ್ಮದವರು ಎನ್ನಲು ನನಗೆ ನಾಲಿಗೆ ಹೊರಳದು. ಅವರ ಉದ್ದೇಶದ ಬಗ್ಗೆ, ಕೊಲೆಕ್ಟರನ ಜೊತೆಗಿನ ಅವರ ಸಲಿಗೆಯ ಬಗ್ಗೆ ಬೇರೆ ಮಾತಾಡಬಹುದು.

ಇನ್ನು ನಮ್ಮ ಮನೆಯ ವಿಚಾರ. ಕುರ್‌ಆನಿನಲ್ಲಿ ಈಮಾನ್ ಮತ್ತು ಅಮಲೆ ಸಾಲಿಹ್ ಮತ್ತೆ ಮತ್ತೆ ಜೋಡಿಯಾಗಿ ಬರುತ್ತವೆ. ಆದ್ದರಿಂದ ನಮ್ಮಲ್ಲಿ ಈ ಪ್ರಶ್ನೆಯೇ ಹುಟ್ಟಲಿಲ್ಲ ಎಂದು ನಾವು ತಿಳಿದಿದ್ದೇವೆ. ಹುಟ್ಟಿತ್ತು, ರಕ್ತವೂ ಹರಿದಿತ್ತು. ದೊಡ್ಡ ಪಾಪ ಮಾಡಿದವನು ಕಾಫಿರನಾದ ಎಂದವರು ಖವಾರಿಜರು. ಅವನ ತೀರ್ಪನ್ನು ಅಲ್ಲಾಹನಿಗೆ ಬಿಡಿ ಎಂದವರು ಮುರ್ಜಿಅಗಳು. ನಾವು ಈ ಭಾಗದ ಮುಸಲ್ಮಾನರಲ್ಲಿ ಹೆಚ್ಚಿನವರು ಹನಫಿಗಳು. ಈಮಾನ್ ಎಂದರೆ ಹೃದಯದ ಒಪ್ಪಿಗೆ ಮತ್ತು ನಾಲಿಗೆಯ ಸಾಕ್ಷ್ಯ, ಅಮಲ್ ಅದರ ಅಂಗವಲ್ಲ ಎಂದು ಹೇಳಿದವರು ನಮ್ಮ ಇಮಾಮ್ ಅಬೂ ಹನೀಫಾ ಅವರೇ. ಹಾಗೆಂದು ಅವರು ಅಮಲನ್ನು ಹಗುರ ಮಾಡಲಿಲ್ಲ. ಆದರೂ ವಿರೋಧಿಗಳು ಅವರನ್ನು ಮುರ್ಜಿಅ ಎಂದು ಹಳಿದರು, ಅಂದರೆ ನಮ್ಮ ಹುಡುಗ ಕ್ರೈಸ್ತರಿಗೆ ಅಂದದ್ದನ್ನೇ ಸುಮಾರಾಗಿ ಅವರಿಗೂ ಅಂದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಒಂದು ಹದೀಸ್ ಇದೆ. ಯಾರನ್ನೂ ಅವನ ಅಮಲ್ ಸ್ವರ್ಗಕ್ಕೆ ಒಯ್ಯಲಾರದು ಎಂದು ಪ್ರವಾದಿಯವರು (ಸ) ಹೇಳಿದಾಗ, ತಮ್ಮನ್ನೂ ಇಲ್ಲವೇ ಎಂದು ಸಹಾಬಿಗಳು ಬೆರಗಾಗಿ ಕೇಳುತ್ತಾರೆ. ಅಲ್ಲಾಹನ ಕರುಣೆ ಆವರಿಸದ ಹೊರತು ನನ್ನನ್ನೂ ಇಲ್ಲ ಎನ್ನುವುದು ಉತ್ತರ. ಈ ಹದೀಸಿನ ಪಕ್ಕ ರೋಮಾಪುರದ ಪತ್ರದ ಆ ಕೂಲಿಯ ಮಾತನ್ನಿಟ್ಟು ಓದಿ. ಹಾಗೆಯೇ ಹಸಿದವನಲ್ಲಿ, ರೋಗಿಯಲ್ಲಿ ದೇವರೇ ಇದ್ದ, ನೀನು ನೋಡಲಿಲ್ಲ ಎಂದು ಕೇಳುವ ಕಡೆಯ ದಿನದ ಚಿತ್ರ ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲೂ ಇದೆ, ನಮ್ಮ ಸಹೀಹ್ ಮುಸ್ಲಿಮಿನ ಹದೀಸೆ ಕುದ್ಸಿಯಲ್ಲೂ ಇದೆ.

ಹಾಗಾದರೆ ಎರಡೂ ಒಂದೇ ಎಂದು ತೀರ್ಮಾನಿಸಿ ಕೈಕುಲುಕಿ ಮನೆಗೆ ಹೋಗೋಣವೇ? ಅದನ್ನೂ ನಾನು ಒಪ್ಪಲಾರೆ. ಅದು ಇನ್ನೊಂದು ಬಗೆಯ ಸೋಮಾರಿತನ. ಪೌಲನ ನಂಬಿಕೆ ಬರೇ ದೇವರಿದ್ದಾನೆ ಎಂಬ ನಂಬಿಕೆಯಲ್ಲ, ಯೇಸು ನನಗಾಗಿ ಶಿಲುಬೆಯಲ್ಲಿ ಸತ್ತ ಎಂಬ ನಂಬಿಕೆ. ಗೋವಿಂದ ಪೈಯವರ 'ಗೊಲ್ಗೊಥಾ' ಓದಿದವರಿಗೆ ಆ ಮರಣ ಎಷ್ಟು ಕಾಡಬಲ್ಲದು ಎಂದು ಗೊತ್ತು. ನನ್ನನ್ನೂ ಕಾಡಿದೆ. ಆದರೆ ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರಲಾರರು ಎಂಬ ಕುರ್‌ಆನಿನ ಮಾತಿನಲ್ಲಿ ಬೆಳೆದ ನನಗೆ, ನನ್ನ ಪಾಪಕ್ಕೆ ಇನ್ನೊಬ್ಬರ ರಕ್ತ ಎನ್ನುವುದು ಗಂಟಲಲ್ಲಿ ಇಳಿಯುವುದಿಲ್ಲ. ಅಲ್ಲಾಹ್ ಕ್ಷಮಿಸಲು ಬಯಸಿದರೆ ಕ್ಷಮಿಸುತ್ತಾನೆ, ನಡುವೆ ಶಿಲುಬೆ ಏಕೆ? ನಮಗೂ ಕ್ರೈಸ್ತರಿಗೂ ನಿಜವಾದ ಭೇದ ಇರುವುದು ಇಲ್ಲಿ. ನಂಬಿಕೆಯೋ ಕ್ರಿಯೆಯೋ ಎಂಬಲ್ಲಿ ಅಲ್ಲ. ಚಹಾದಂಗಡಿಯ ವಾದ ತಪ್ಪು ಬಾಗಿಲು ಬಡಿಯುತ್ತ ಕೂತಿದೆ.

ಇದನ್ನು ಮುದಗಲ್ಲಿನ ಮೇಷ್ಟರಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. 'ಈಗ ಬಂದ್ರಿ ನೋಡ್ರಿ ಜಾಗಾಕ್ಕ. ಕುಂದರ್ರಿ, ಚಹಾ ಮಾಡ್ಸತೀನಿ, ಮಾತಾಡೋಣು' ಎಂದರು. ಅವತ್ತು ಕಡೆಯ ಬಸ್ಸು ತಪ್ಪಿತು.