ಧ್ವನಿವರ್ಧಕದ ಕಾಲಹೊಂದಾಣಿಕೆ ಮತ್ತು ಬಯಲಾಟದ ಶ್ರೋತೃ: ಒಂದು ವಿವೇಚನೆ

ಬಯಲಾಟಕ್ಕೆ ಧ್ವನಿವರ್ಧಕವು ಪ್ರವೇಶಿಸಿದುದರ ಪರಿಣಾಮಗಳನ್ನು ಕುರಿತ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಧ್ವನಿಯ ಪ್ರಮಾಣಕ್ಕೆ ಸೀಮಿತವಾಗಿದೆ. ಭಾಗವತರ ಏರುಶ್ರುತಿ ಇಳಿದುದು, ಹಿಮ್ಮೇಳದ ಅಬ್ಬರ ಹೆಚ್ಚಿದುದು ಮೊದಲಾದ ಸಂಗತಿಗಳೇ ಅದರಲ್ಲಿ ಪ್ರಧಾನ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕದ ಬಳಕೆಯನ್ನು ನಿರ್ಬಂಧಿಸಿದ ಮೇಲಂತೂ ‘ಎಷ್ಟು ಜೋರು’ ಎಂಬ ಪ್ರಶ್ನೆಯೇ ಮುಂದೆ ನಿಂತಿತು. ‘ಯಾವಾಗ ಕಿವಿಗೆ ತಲುಪುತ್ತದೆ’ ಎಂಬ ಪ್ರಶ್ನೆ ಹಿಂದೆಯೇ ಉಳಿಯಿತು. ತಾಳವೇ ಜೀವಾಳವಾಗಿರುವ ಕಲೆಯ ವಿಮರ್ಶೆಯಲ್ಲಿ ಇದು ಸಣ್ಣ ಕೊರತೆಯಲ್ಲ.

ಒಂದೇ ನಾದವು ಹಲವು ಮೂಲಗಳಿಂದ ಹೊರಟು ಕೇಳುಗನ ಕಿವಿಯನ್ನು ಒಟ್ಟಿಗೆ ಸೇರುವಂತೆ ಮಾಡುವುದನ್ನು ಧ್ವನಿತಂತ್ರಜ್ಞರು ‘ಟೈಮ್ ಅಲೈನ್‌ಮೆಂಟ್’ ಎನ್ನುತ್ತಾರೆ. ಇಲ್ಲಿ ಅದನ್ನು ಕಾಲಹೊಂದಾಣಿಕೆ ಎಂದು ಕರೆಯಲಾಗಿದೆ. ಇದು ಕೇಳುಗನಿಗೆ ಮುಖ್ಯವೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಒಂದು ಪೆಟ್ಟಿಗೆಯೊಳಗಿನ ಅಂತರ ಮತ್ತು ಬಯಲಿನಲ್ಲಿ ಬೇರೆ ಬೇರೆ ಕಡೆ ನಿಲ್ಲಿಸಿದ ಪೆಟ್ಟಿಗೆಗಳ ನಡುವಿನ ಅಂತರ, ಇವೆರಡನ್ನೂ ಬೇರ್ಪಡಿಸಿ ನೋಡಬೇಕು.

ಪೆಟ್ಟಿಗೆಯೊಳಗೆ ಮಂದ್ರಧ್ವನಿಯ ಘಟಕವು ತಾರಧ್ವನಿಯ ಘಟಕಕ್ಕಿಂತ 5 ಸೆಂಟಿಮೀಟರ್ ಹಿಂದಿದ್ದರೆ ಉಂಟಾಗುವ ವಿಳಂಬ ಸುಮಾರು 0.15 ಮಿಲಿಸೆಕೆಂಡ್. ಇಂತಹ ವಿಳಂಬವನ್ನು ಕಿವಿ ಗುರುತಿಸಲು ಅದು ಸ್ಥೂಲವಾಗಿ 1ರಿಂದ 3 ಮಿಲಿಸೆಕೆಂಡ್‌ನಷ್ಟಾದರೂ ಇರಬೇಕೆಂಬುದು 1978ರಲ್ಲಿ ಬ್ಲಾವರ್ಟ್ ಮತ್ತು ಲಾಸ್ ಪ್ರಕಟಿಸಿದ ಪ್ರಯೋಗಗಳ ಫಲಿತ. ಆದ್ದರಿಂದ ಈ ಅಂತರವು ಕಾಲದ ತಪ್ಪಾಗಿ ಕೇಳಿಸದು. ಎರಡೂ ಘಟಕಗಳು ಕೂಡಿ ನುಡಿಯುವ ಸ್ವರಗಳಲ್ಲಿ ಅಲೆಗಳು ಪರಸ್ಪರ ಕುಂದಿಸಿಕೊಂಡಾಗ ನಾದದ ಬಣ್ಣ ಬದಲಾಗಬಹುದು, ಅಷ್ಟೆ.

ಅಂತರ ಹೆಚ್ಚಾದಾಗ ಏನಾಗುತ್ತದೆಂಬುದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. 1930ರ ದಶಕದ ನಡುವೆ ಹಾಲಿವುಡ್‌ನ ಎಂಜಿಎಂ ಸ್ಟುಡಿಯೋದಲ್ಲಿ ಎಲಿನಾರ್ ಪವೆಲ್ ಅವರ ಟ್ಯಾಪ್ ನೃತ್ಯವನ್ನು ಚಿತ್ರಮಂದಿರದ ಧ್ವನಿವರ್ಧಕದಲ್ಲಿ ಕೇಳಿದಾಗ ಪ್ರತಿಯೊಂದು ಹೆಜ್ಜೆಯೂ ಎರಡಾಗಿ ಕೇಳಿಸಿತು. ಮಂದ್ರಧ್ವನಿಯ ಕೊಂಬಿನ ಹಾದಿ ತಾರಧ್ವನಿಯದಕ್ಕಿಂತ ಸುಮಾರು 8 ಅಡಿ ಉದ್ದವಿದ್ದುದೇ ಕಾರಣ. ವಿಳಂಬ ಸುಮಾರು 7 ಮಿಲಿಸೆಕೆಂಡ್. ಈ ಅಂತರವನ್ನು ಕಿರಿದುಗೊಳಿಸಿದ ಮೇಲೆ ದೋಷ ನೀಗಿತು. ದೋಷವನ್ನು ಬಯಲಿಗೆಳೆದುದು ಹಾಡಲ್ಲ, ಸಂಭಾಷಣೆಯಲ್ಲ, ಪಾದಾಘಾತ ಎಂಬುದು ಜಾನಪದ ವಿದ್ವಾಂಸರು ಗಮನಿಸಬೇಕಾದ ಅಂಶ.

1949ರಲ್ಲಿ ವಾಲಾಕ್, ನ್ಯೂಮನ್ ಮತ್ತು ರೋಸೆನ್‌ಜ್ವೈಗ್ ಪ್ರಕಟಿಸಿದ ಅಧ್ಯಯನವು ಇದಕ್ಕೆ ತಾತ್ವಿಕ ಆಧಾರ ಒದಗಿಸುತ್ತದೆ. ಚಿಟಿಕೆಯಂತಹ ಕಿರುಸದ್ದುಗಳು ಸುಮಾರು 5 ಮಿಲಿಸೆಕೆಂಡ್ ಅಂತರದವರೆಗೆ ಒಂದಾಗಿಯೇ ಕೇಳಿಸುತ್ತವೆ. ಮಾತು, ಸಂಗೀತದಂತಹ ಸಂಕೀರ್ಣ ನಾದಗಳಲ್ಲಿ ಈ ಮಿತಿ 40 ಮಿಲಿಸೆಕೆಂಡ್‌ವರೆಗೂ ಹಿಗ್ಗುತ್ತದೆ. ಮೊದಲು ತಲುಪಿದ ನಾದದ ದಿಕ್ಕನ್ನೇ ಕಿವಿ ಮೂಲವೆಂದು ಸ್ವೀಕರಿಸುತ್ತದೆ. ಹೆಲ್ಮುಟ್ ಹಾಸ್ ಅವರ ಪ್ರಯೋಗಗಳ ಪ್ರಕಾರ, ಕೆಲವು ಮಿಲಿಸೆಕೆಂಡ್‌ನಿಂದ 30 ಮಿಲಿಸೆಕೆಂಡ್‌ವರೆಗೆ ತಡವಾಗಿ ಬಂದ ನಾದ 10 ಡೆಸಿಬೆಲ್‌ನಷ್ಟು ಜೋರಾಗಿದ್ದರೂ ಈ ಭಾವನೆ ಕೆಡುವುದಿಲ್ಲ.

ಇದನ್ನು ಬಯಲಾಟಕ್ಕೆ ಅನ್ವಯಿಸಿ ನೋಡಬಹುದು. ರಂಗಸ್ಥಳದಿಂದ 40 ಮೀಟರ್ ದೂರದಲ್ಲಿ ಕುಳಿತ ಪ್ರೇಕ್ಷಕನ ಮುಂದೆ 6 ಮೀಟರ್ ಅಂತರದಲ್ಲಿ, ರಂಗಸ್ಥಳದ ನೇರದಲ್ಲಿಯೇ, ಧ್ವನಿವರ್ಧಕದ ಕಂಬವಿದೆಯೆಂದು ಭಾವಿಸೋಣ. ನಾದ ಸೆಕೆಂಡಿಗೆ ಸುಮಾರು 346 ಮೀಟರ್ ಸಾಗುವುದರಿಂದ ಕಂಬದ ನಾದ 17 ಮಿಲಿಸೆಕೆಂಡ್‌ನಲ್ಲಿಯೂ ರಂಗಸ್ಥಳದ ನೇರ ನಾದ 116 ಮಿಲಿಸೆಕೆಂಡ್‌ನಲ್ಲಿಯೂ ಅವನನ್ನು ಸೇರುತ್ತವೆ. ಅಷ್ಟು ದೂರದಲ್ಲಿ ಭಾಗವತರ ನೇರ ಕಂಠವು ಕಂಬದ ಧ್ವನಿಯಲ್ಲಿ ಮುಳುಗಿಹೋಗುತ್ತದೆ. ಚೆಂಡೆ ಹಾಗಲ್ಲ, ಆಟಕ್ಕೆ ಮುನ್ನ ಬಾರಿಸುವ ‘ಕೇಳಿ’ಯಿಂದ ಸುತ್ತಲಿನ ಊರುಗಳಿಗೆ ಸುದ್ದಿ ಮುಟ್ಟಿಸುತ್ತಿದ್ದ ವಾದ್ಯವದು. ಅದರ ಪೆಟ್ಟು ಎರಡು ದಾರಿಗಳಿಂದಲೂ ಬರುತ್ತದೆ. ಸೆಕೆಂಡಿಗೆ 10 ಪೆಟ್ಟುಗಳ ವೇಗದಲ್ಲಿ ನುಡಿಸಿದರೆ, ತಡವಾಗಿ ಬಂದ ಪೆಟ್ಟು ಮುಂದಿನ ಪೆಟ್ಟಿನ ಮೇಲೆಯೇ ಬೀಳುತ್ತದೆ. ಬಿಡ್ತಿಗೆ, ಮುಕ್ತಾಯಗಳ ಕೊನೆಯ ಪೆಟ್ಟಿನ ಬಳಿಕ ಮೌನವಿರಬೇಕಾದ ಕಡೆ ಇನ್ನೊಂದು ಪೆಟ್ಟು ಕೇಳಿಸುತ್ತದೆ.

ಧ್ವನಿವರ್ಧಕವಿಲ್ಲದ ಕಾಲದಲ್ಲಿಯೂ ಹಿಂದೆ ಕುಳಿತವನಿಗೆ ನಾದ ತಡವಾಗಿಯೇ ತಲುಪುತ್ತಿತ್ತು. ಆದರೆ ಹಾಡು, ಮದ್ದಳೆ, ಚೆಂಡೆ, ಗೆಜ್ಜೆ ಎಲ್ಲವೂ ಒಟ್ಟಿಗೆ ತಡವಾಗುತ್ತಿದ್ದುದರಿಂದ ಹಿಮ್ಮೇಳ ಮುಮ್ಮೇಳಗಳ ಪರಸ್ಪರ ಸಂಬಂಧ ಕೆಡುತ್ತಿರಲಿಲ್ಲ. ಅಂದಿನ ಕೇಳುಗ ತಡವಾಗಿ ಕೇಳಿದ್ದಾನೆ. ಎರಡು ಬಾರಿ ಕೇಳಿರಲಿಲ್ಲ.

ಇದರ ವಿಮರ್ಶಾತ್ಮಕ ಪರಿಣಾಮ ಗಂಭೀರವಾದುದು. ‘ಹೆಜ್ಜೆಗೂ ಚೆಂಡೆಗೂ ಹೊಂದಲಿಲ್ಲ’ ಎಂದು ಪ್ರೇಕ್ಷಕ ವರ್ಗದ ನಡುವಿನಿಂದ ಬರೆದ ತೀರ್ಪು ಕಲಾವಿದನ ಹೆಸರಿಗೆ ಅಂಟಿಕೊಳ್ಳುತ್ತದೆ. ದೋಷ ಕಂಬದ್ದೂ ಆಗಿರಬಹುದು. ದಾಖಲೀಕರಣಕ್ಕೂ ಈ ಮಾತು ಅನ್ವಯಿಸುತ್ತದೆ. 40 ಮೀಟರ್ ದೂರದ ಕ್ಯಾಮೆರಾ ತನ್ನದೇ ಮೈಕಿನಿಂದ ಹಿಡಿದ ನೇರ ನಾದವು, ಸೆಕೆಂಡಿಗೆ 25 ಚೌಕಟ್ಟುಗಳ ಚಿತ್ರಣದಲ್ಲಿ, ದೃಶ್ಯಕ್ಕಿಂತ ಸುಮಾರು ಮೂರು ಚೌಕಟ್ಟುಗಳಷ್ಟು ಹಿಂದಿರುತ್ತದೆ. ಮುಂದೆ ಅದನ್ನು ಅಳೆದು ಲಯವನ್ನು ಅಧ್ಯಯನ ಮಾಡುವವರು ನರ್ತಕನ ಹೆಜ್ಜೆ ತಾಳಕ್ಕಿಂತ ಮುಂದಿತ್ತೆಂದು ನಿರ್ಣಯಿಸುವ ಅಪಾಯವಿದೆ.

ದೂರದ ಕಂಬಗಳಿಗೆ ವಿದ್ಯುನ್ಮಾನ ವಿಳಂಬ ನೀಡಿ ಹೊಂದಾಣಿಕೆ ಸಾಧಿಸುವ ಉಪಕರಣಗಳು ಇಂದು ಲಭ್ಯವಿವೆ. ಮೇಲಿನ ಉದಾಹರಣೆಯಲ್ಲಿ ಸುಮಾರು 100 ಮಿಲಿಸೆಕೆಂಡ್ ವಿಳಂಬ ನೀಡಿದರೆ ನೇರ ನಾದವೇ ಮೊದಲು ತಲುಪಿ, ಹಾಡು ಕಂಬದಿಂದಲ್ಲದೆ ರಂಗಸ್ಥಳದಿಂದಲೇ ಬಂದಂತೆ ಭಾಸವಾಗುತ್ತದೆ. ಆದರೆ ಮೂರು ಕಡೆ ಪ್ರೇಕ್ಷಕರು ಕುಳಿತುಕೊಳ್ಳುವ ಬಯಲಿನಲ್ಲಿ ಒಂದು ಕಡೆಗೆ ಹೊಂದಿದ ಲೆಕ್ಕ ಇನ್ನೊಂದು ಕಡೆಗೆ ಹೊಂದದು. ಕಂಬಗಳ ಸಂಖ್ಯೆಯನ್ನು ತಗ್ಗಿಸಿ, ಧ್ವನಿವರ್ಧಕಗಳನ್ನು ರಂಗಸ್ಥಳದ ಬಳಿಯಲ್ಲಿಯೇ ಎತ್ತರದಲ್ಲಿರಿಸುವುದು ಹೆಚ್ಚು ವಿವೇಕದ ಮಾರ್ಗ.

ಒಟ್ಟಿನಲ್ಲಿ, ಪೆಟ್ಟಿಗೆಯೊಳಗಿನ ಸೂಕ್ಷ್ಮ ಅಂತರಕ್ಕೆ ತಂತ್ರಜ್ಞರು ನೀಡುವಷ್ಟು ಮಹತ್ವವನ್ನು ಕೇಳುಗನ ಕಿವಿ ನೀಡುವುದಿಲ್ಲ. ಬಯಲಿನ ಅಂತರಕ್ಕೆ ವಿದ್ವಾಂಸರು ನೀಡದ ಮಹತ್ವವನ್ನು ಅದು ನೀಡುತ್ತದೆ. ಆದುದರಿಂದ ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ಪ್ರಸಂಗ, ಮೇಳ, ಕಲಾವಿದರ ವಿವರಗಳೊಂದಿಗೆ ವೀಕ್ಷಕನು ಕುಳಿತ ಸ್ಥಳ, ರಂಗಸ್ಥಳದ ದೂರ ಮತ್ತು ಹತ್ತಿರದ ಧ್ವನಿವರ್ಧಕದ ದೂರ ದಾಖಲಾಗುವುದು ಅವಶ್ಯ. ಇವಿಲ್ಲದೆ ಲಯದ ಬಗ್ಗೆ ನೀಡುವ ತೀರ್ಪು ಅಪೂರ್ಣವಾಗಿಯೇ ಉಳಿಯುತ್ತದೆ.